ಹೆನ್ರಿ ಹ್ಯಾಲೆಟ್ ಡೇಲ್

ಸರ್ ಹೆನ್ರಿ ಹ್ಯಾಲೆಟ್ ಡೇಲ್ (ಜೂನ್ ೯, ೧೮೭೫ – ಜುಲೈ ೨೩, ೧೯೬೮) ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಹಾಗೂ ಔಷಧಶಾಸ್ತ್ರಜ್ಞರು. ನರಗಳು ತಮ್ಮ ಸಂದೇಶವನ್ನು ಅಂಗಾಂಗಗಳಿಗೆ ರಾಸಾಯನಿಕ ವಸ್ತುಗಳ ಮೂಲಕ ತಲುಪಿಸುತ್ತವೆ ಎಂಬುದನ್ನು ಸ್ಥಾಪಿಸಿದ್ದಕ್ಕಾಗಿ ಇವರಿಗೆ ಆಟೊ ಲೋವಿಯವರೊಂದಿಗೆ ೧೯೩೬ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ವಿಜ್ಞಾನದ ಚರಿತ್ರೆಯಲ್ಲಿ ಇವರ ಹೆಸರು ನಿಂತಿರುವುದು ಈ ಸಂಶೋಧನೆಯಿಂದಲೇ. ಆದರೆ ಸಾಮಾನ್ಯ ಜನರ ನಿತ್ಯಜೀವನಕ್ಕೆ ಹತ್ತಿರವಾದದ್ದು ಇವರ ಇನ್ನೊಂದು ಕೆಲಸ: ಹಿಸ್ಟಮೀನ್ ಎಂಬ ವಸ್ತುವಿನ ಗುಣಗಳನ್ನು ಗುರುತಿಸಿ, ಅದಕ್ಕೂ ಅಲರ್ಜಿಗೂ ಇರುವ ನಂಟನ್ನು ತೋರಿಸಿದ್ದು. ಸೀನು, ಮೈಮೇಲಿನ ದದ್ದು ಮೊದಲಾದ ತೊಂದರೆಗಳಿಗೆ ಇಂದು ಔಷಧದ ಅಂಗಡಿಯಲ್ಲಿ ಸಿಗುವ ಆಂಟಿಹಿಸ್ಟಮೀನ್ ಮಾತ್ರೆಗಳ ಹೆಸರಿನಲ್ಲೇ ಆ ವಸ್ತು ಅಡಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಡೇಲ್ ಹುಟ್ಟಿದ್ದು ಲಂಡನ್ ನಗರದಲ್ಲಿ. ತಂದೆ ಚಾರ್ಲ್ಸ್ ಜೇಮ್ಸ್ ಡೇಲ್ ಪಿಂಗಾಣಿ ವ್ಯಾಪಾರಕ್ಕೆ ಸೇರಿದವರು. ತಾಯಿ ಫ್ರಾನ್ಸೆಸ್ ಹ್ಯಾಲೆಟ್. ಮನೆಯಲ್ಲಿ ಹಲವು ಮಕ್ಕಳು. ತಮ್ಮಂದಿರಲ್ಲಿ ಒಬ್ಬರಾದ ಬೆಂಜಮಿನ್ ಡೇಲ್ ಮುಂದೆ ಸಂಗೀತ ರಚನಕಾರರಾಗಿ ಹೆಸರು ಪಡೆದರು. ಲಂಡನ್ನಿನ ಟಾಲಿಂಗ್ಟನ್ ಪಾರ್ಕ್ ಕಾಲೇಜ್ ಶಾಲೆಯಲ್ಲಿಯೂ ಆಮೇಲೆ ಕೇಂಬ್ರಿಡ್ಜಿನ ಲೇಸ್ ಶಾಲೆಯಲ್ಲಿಯೂ ಓದಿದ ಹೆನ್ರಿ, ೧೮೯೪ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಟ್ರಿನಿಟಿ ಕಾಲೇಜನ್ನು ಸೇರಿದರು.

ಅಲ್ಲಿ ಅವರಿಗೆ ಗುರುವಾಗಿ ದೊರೆತವರು ಜಾನ್ ಲ್ಯಾಂಗ್ಲಿ. ನಮ್ಮ ಇಚ್ಛೆಗೆ ಒಳಪಡದೆ ಹೃದಯ, ಕರುಳು, ರಕ್ತನಾಳಗಳನ್ನು ನಡೆಸುವ ನರವ್ಯೂಹದ ಅಧ್ಯಯನದಲ್ಲಿ ಲ್ಯಾಂಗ್ಲಿ ಆ ಕಾಲದ ಅಗ್ರಗಣ್ಯರು. ಲೆಕ್ಕಾಚಾರದಲ್ಲಿ ಬಿಗಿ, ಬರವಣಿಗೆಯಲ್ಲಿ ಮಿತ, ಊಹೆಯಲ್ಲಿ ಜಿಪುಣ ಎನ್ನಬಹುದಾದ ಈ ಗುರುವಿನ ಸ್ವಭಾವ ಶಿಷ್ಯನಿಗೂ ಅಂಟಿತು. ಪದವಿಯ ನಂತರ ಡೇಲ್ ಅವರಿಗೆ ಸಂಶೋಧನೆಯನ್ನು ಮುಂದುವರಿಸಲು ಒದಗಿದ ವಿದ್ಯಾರ್ಥಿವೇತನವು, ಎರ್ನೆಸ್ಟ್ ರುದರ್‌ಫರ್ಡ್ ಕೆನಡಾಕ್ಕೆ ಹೊರಟುಹೋದದ್ದರಿಂದ ತೆರವಾದದ್ದು. ಬಳಿಕ ಅವರು ಲಂಡನ್ನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯಲ್ಲಿ ವೈದ್ಯ ತರಬೇತಿ ಪಡೆದರು. ಅನಂತರ ಮತ್ತೊಂದು ವಿದ್ಯಾರ್ಥಿವೇತನ ಕೈಸೇರಿತು. ಇಂಗ್ಲಿಷ್ ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್ ತನ್ನ ಸಂಗಾತಿ ಜಾರ್ಜ್ ಹೆನ್ರಿ ಲೂಯಿಸ್ ಅವರ ನೆನಪಿಗೆ ಶರೀರಕ್ರಿಯಾ ವಿಜ್ಞಾನದ ಅಧ್ಯಯನಕ್ಕೆಂದು ಸ್ಥಾಪಿಸಿದ ವೇತನವದು. ಸಾಹಿತ್ಯದ ಓದುಗರು ಎಲಿಯಟ್ ಅವರ ಕಾದಂಬರಿಗಳನ್ನು ಬಲ್ಲರು. ಅವರ ಹಣ ನೊಬೆಲ್ ವಿಜ್ಞಾನಿಯೊಬ್ಬರ ಆರಂಭದ ದಿನಗಳಿಗೆ ಆಸರೆಯಾದದ್ದು ಅಷ್ಟಾಗಿ ತಿಳಿದಿಲ್ಲ.

ಈ ವೇತನದ ಬಲದಿಂದ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎರ್ನೆಸ್ಟ್ ಸ್ಟಾರ್ಲಿಂಗ್ ಮತ್ತು ವಿಲಿಯಂ ಬೇಲಿಸ್ ಅವರ ಬಳಿ ಕೆಲಸ ಮಾಡಿದರು. ಈ ಇಬ್ಬರೂ ಆಗತಾನೆ ಸೆಕ್ರೆಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದಿದ್ದರು. ಒಂದು ಅಂಗದಲ್ಲಿ ಹುಟ್ಟಿದ ರಾಸಾಯನಿಕ ವಸ್ತು ರಕ್ತದಲ್ಲಿ ಹರಿದು ಮತ್ತೊಂದು ಅಂಗಕ್ಕೆ ಅಪ್ಪಣೆ ಕೊಡಬಲ್ಲದು ಎಂಬ ವಿಚಾರ ಆ ಪ್ರಯೋಗಾಲಯದ ಗಾಳಿಯಲ್ಲೇ ಇತ್ತು. ಲೋವಿಯವರ ಪರಿಚಯವಾದದ್ದೂ ಇಲ್ಲಿಯೇ.

ಇದೇ ಅವಧಿಯಲ್ಲಿ, ೧೯೦೩ರ ಫೆಬ್ರವರಿಯಲ್ಲಿ, ಬೇಲಿಸ್ ಅವರು ವಿದ್ಯಾರ್ಥಿಗಳ ಮುಂದೆ ನಾಯಿಯೊಂದರ ಮೇಲೆ ನಡೆಸಿದ ಪ್ರಯೋಗವು ದೊಡ್ಡ ವಿವಾದವಾಯಿತು. ಪ್ರಯೋಗದ ಕೊನೆಗೆ ನಾಯಿಯನ್ನು ಕೊಂದವರು ಯುವಕ ಡೇಲ್. ನಾಯಿಗೆ ಸರಿಯಾಗಿ ಅರಿವಳಿಕೆ ಕೊಟ್ಟಿರಲಿಲ್ಲವೆಂದು ಪ್ರಾಣಿಪ್ರಯೋಗದ ವಿರೋಧಿಗಳು ಆರೋಪಿಸಿದರು. ಬೇಲಿಸ್ ಮಾನನಷ್ಟದ ಮೊಕದ್ದಮೆ ಹೂಡಿ ಗೆದ್ದರು. ಆದರೂ ಆ ನಾಯಿಯ ಹೆಸರಿನಲ್ಲಿ ಲಂಡನ್ನಿನಲ್ಲಿ ಪ್ರತಿಮೆ ಎದ್ದು, ಅದರ ಸುತ್ತ ವರ್ಷಗಟ್ಟಲೆ ಗಲಭೆಗಳಾದವು. ಡೇಲ್ ಅವರ ಮುಂದಿನ ಶೋಧಗಳೆಲ್ಲ ಬೆಕ್ಕು, ನಾಯಿ, ಗಿನಿಪಿಗ್‌ಗಳ ಮೇಲಿನ ಪ್ರಯೋಗಗಳಿಂದಲೇ ಬಂದವು ಎಂಬುದನ್ನು ಮರೆಮಾಚುವಂತಿಲ್ಲ.

ಲಂಡನ್ನಿನಿಂದ ಅವರು ಕೆಲವು ತಿಂಗಳ ಮಟ್ಟಿಗೆ ಜರ್ಮನಿಯ ಫ್ರಾಂಕ್‌ಫರ್ಟಿಗೆ ತೆರಳಿ ಪಾಲ್ ಎರ್ಲಿಕ್ ಅವರ ಪ್ರಯೋಗಾಲಯದಲ್ಲಿದ್ದರು. ಎರ್ಲಿಕ್ ತಮ್ಮ ವಿದ್ಯಾರ್ಥಿದೆಸೆಯಲ್ಲಿ, ೧೮೭೮ರಷ್ಟು ಹಿಂದೆ, ಅಂಗಾಂಶಗಳಲ್ಲಿ ಬಣ್ಣವನ್ನು ಗಾಢವಾಗಿ ಹೀರುವ ಕಣಗಳಿಂದ ತುಂಬಿದ ಒಂದು ಬಗೆಯ ಜೀವಕೋಶವನ್ನು ಗುರುತಿಸಿ ಅದಕ್ಕೆ ಮಾಸ್ಟ್ ಕೋಶವೆಂದು ಹೆಸರಿಟ್ಟಿದ್ದರು. ಅದರ ಕೆಲಸವೇನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಡೇಲ್ ಮುಂದೆ ಬೆನ್ನುಹತ್ತಿದ ಹಿಸ್ಟಮೀನ್ ಅವೇ ಕಣಗಳಲ್ಲಿ ತುಂಬಿಕೊಂಡಿತ್ತು. ಈ ಎರಡು ಎಳೆಗಳು ಕೂಡಿಕೊಳ್ಳಲು ಮುಕ್ಕಾಲು ಶತಮಾನ ಬೇಕಾಯಿತು.

ವೆಲ್‌ಕಮ್ ಪ್ರಯೋಗಾಲಯ ಮತ್ತು ಅರ್ಗಟ್

೧೯೦೪ರಲ್ಲಿ ಔಷಧ ತಯಾರಕ ಹೆನ್ರಿ ವೆಲ್‌ಕಮ್ ತಮ್ಮ ಸಂಶೋಧನಾಲಯಕ್ಕೆ ಬರುವಂತೆ ಡೇಲ್ ಅವರನ್ನು ಕರೆದರು. ವಿದ್ವಾಂಸನಾದವನು ವ್ಯಾಪಾರಿಯ ಕೈಕೆಳಗೆ ದುಡಿಯುವುದು ಆ ಕಾಲಕ್ಕೆ ಗೌರವದ ಮಾತಾಗಿರಲಿಲ್ಲ. ಸ್ನೇಹಿತರಲ್ಲಿ ಹಲವರು ಬೇಡವೆಂದರು. ಆದರೆ ಡೇಲ್ ಅವರಿಗೆ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವ ಸೌಲಭ್ಯ ಬೇಕಿತ್ತು. ಮದುವೆಯೂ ನಿಶ್ಚಯವಾಗಿತ್ತು, ಸಂಸಾರಕ್ಕೆ ಸಂಬಳ ಬೇಕಿತ್ತು. ಅವರು ಒಪ್ಪಿಕೊಂಡರು. ಅದೇ ವರ್ಷ ತಮ್ಮ ಸೋದರಸಂಬಂಧಿ ಎಲೆನ್ ಹ್ಯಾಲೆಟ್ ಅವರನ್ನು ವಿವಾಹವಾದರು. ಎರಡು ವರ್ಷಗಳಲ್ಲಿ ಆ ಸಂಶೋಧನಾಲಯದ ನಿರ್ದೇಶಕರೂ ಆದರು.

ಬಿಡುವಾದಾಗ ಅರ್ಗಟ್ ಎಂಬ ಔಷಧದ ಗೊಂದಲವನ್ನು ಬಿಡಿಸಿಕೊಟ್ಟರೆ ಒಳಿತು ಎಂದು ವೆಲ್‌ಕಮ್ ಸೂಚಿಸಿದ್ದರು. ಅರ್ಗಟ್ ಎಂದರೆ ರೈ ಧಾನ್ಯದ ತೆನೆಯಲ್ಲಿ ಕಾಳಿನ ಬದಲು ಕಪ್ಪಗೆ ಕೊಂಬಿನಂತೆ ಬೆಳೆಯುವ ಶಿಲೀಂಧ್ರ. ಇದೇ ಕುಲದ ಶಿಲೀಂಧ್ರ ನಮ್ಮ ಕಡೆಯ ಸಜ್ಜೆಯ ತೆನೆಗೂ ತಗಲುತ್ತದೆ. ಯುರೋಪಿನಲ್ಲಿ ಅರ್ಗಟ್ ಬೆರೆತ ಹಿಟ್ಟಿನ ರೊಟ್ಟಿ ತಿಂದು ಊರಿಗೆ ಊರೇ ಕೈಕಾಲು ಕೊಳೆತು ನರಳಿದ ಕಥೆಗಳಿವೆ. ಅದೇ ಅರ್ಗಟ್ ಸೂಲಗಿತ್ತಿಯರ ಕೈಯಲ್ಲಿ ಹೆರಿಗೆಯ ಮದ್ದೂ ಆಗಿತ್ತು. ಅದರಲ್ಲಿ ಗುಣ ಮಾಡುವ ಅಂಶ ಯಾವುದು, ಕೆಡಿಸುವ ಅಂಶ ಯಾವುದು ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ.

ಡೇಲ್ ಈ ಕೆಲಸವನ್ನು ಅಷ್ಟೇನೂ ಉತ್ಸಾಹವಿಲ್ಲದೆ ಕೈಗೆತ್ತಿಕೊಂಡರು. ಆದರೆ ಅವರ ಜೀವನದ ದೊಡ್ಡ ಶೋಧಗಳಲ್ಲಿ ಹೆಚ್ಚಿನವು ಈ ಕಪ್ಪು ಕೊಂಬಿನಿಂದಲೇ ಹೊರಬಿದ್ದವು. ಅರ್ಗಟ್ ಕೊಟ್ಟ ಪ್ರಾಣಿಗೆ ಅಡ್ರಿನಲಿನ್ ಚುಚ್ಚಿದರೆ ರಕ್ತದೊತ್ತಡ ಏರುವ ಬದಲು ಇಳಿಯುತ್ತದೆ ಎಂದು ಅವರು ಕಂಡುಕೊಂಡರು. ಮೊದಮೊದಲು ಅವರಿಗೇ ನಂಬಿಕೆ ಬರಲಿಲ್ಲ. ಪರೀಕ್ಷೆಗೆ ಬಂದಿದ್ದ ಔಷಧದ ಮಾದರಿಯೇ ಕೆಟ್ಟಿದೆಯೆಂದು ಭಾವಿಸಿದ್ದರು. ಅದೇ ವಿಚಿತ್ರ ಮರುಕಳಿಸಿದಾಗ ದೋಷ ಔಷಧದಲ್ಲಿಲ್ಲ, ಬೆಕ್ಕಿಗೆ ಮೊದಲೇ ಕೊಟ್ಟಿದ್ದ ಅರ್ಗಟ್‌ನಲ್ಲಿದೆ ಎಂಬುದು ಹೊಳೆಯಿತು. ಪಿಟ್ಯುಟರಿ ಗ್ರಂಥಿಯ ಸಾರವು ಗರ್ಭಕೋಶವನ್ನು ಸಂಕುಚಿಸುತ್ತದೆ ಎಂಬುದನ್ನೂ ಅವರು ಈ ಕೆಲಸದ ನಡುವೆಯೇ ಗಮನಿಸಿದರು. ಆಕ್ಸಿಟೋಸಿನ್ ಬಳಕೆಯ ಮೂಲ ಇದೇ.

ಹಿಸ್ಟಮೀನ್

ಡೇಲ್ ಅವರ ಜೊತೆಗಾರರಾದ ರಸಾಯನಶಾಸ್ತ್ರಜ್ಞ ಜಾರ್ಜ್ ಬಾರ್ಜರ್ ಅರ್ಗಟ್‌ನ ಅಂಶಗಳನ್ನು ಒಂದೊಂದಾಗಿ ಬೇರ್ಪಡಿಸುತ್ತಿದ್ದರು. ೧೯೧೦ರಲ್ಲಿ ಹೀಗೆ ಬೇರ್ಪಟ್ಟ ವಸ್ತುಗಳಲ್ಲೊಂದು ಹಿಸ್ಟಮೀನ್. ಇದು ಪೂರ್ತಿ ಅಪರಿಚಿತವಾಗಿರಲಿಲ್ಲ. ಜರ್ಮನಿಯ ವಿಂಡಾಸ್ ಮತ್ತು ಫೋಗ್ಟ್ ಅವರು ೧೯೦೭ರಲ್ಲಿಯೇ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ಆದರೆ ಜೀವಂತ ದೇಹದಲ್ಲಿ ಅದು ಏನು ಮಾಡುತ್ತದೆಂದು ಯಾರೂ ನೋಡಿರಲಿಲ್ಲ.

ಇದರ ರಚನೆ ಬಹಳ ಸರಳ. ನಾವು ತಿನ್ನುವ ಬೇಳೆ, ಹಾಲು, ಮೀನು, ಮಾಂಸಗಳ ಪ್ರೋಟೀನ್ ಜೀರ್ಣವಾದಾಗ ದೊರೆಯುವ ಅಮೈನೋ ಆಮ್ಲಗಳಲ್ಲಿ ಹಿಸ್ಟಿಡಿನ್ ಒಂದು. ಅದರಿಂದ ಒಂದು ಇಂಗಾಲದ ಡೈಆಕ್ಸೈಡ್ ಅಣುವನ್ನು ಕಳಚಿದರೆ ಉಳಿಯುವುದೇ ಹಿಸ್ಟಮೀನ್. ದೇಹದಲ್ಲಿ ಈ ಕೆಲಸಕ್ಕೆಂದೇ ಒಂದು ಕಿಣ್ವವಿದೆ. ಆಹಾರದ ನಿರುಪದ್ರವಿ ಅಂಶವೊಂದು ಚಯಾಪಚಯದ ಒಂದೇ ಹೆಜ್ಜೆಯಲ್ಲಿ ಇಷ್ಟು ಪ್ರಬಲವಾದ ವಸ್ತುವಾಗುವುದು ಆಶ್ಚರ್ಯದ ಸಂಗತಿ.

ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಅವರು ೧೯೧೦ರಿಂದ ಹಿಸ್ಟಮೀನನ್ನು ಬಗೆಬಗೆಯ ಪ್ರಾಣಿಗಳ ಮೇಲೆ ಪರೀಕ್ಷಿಸಿದರು. ಗಿನಿಪಿಗ್‌ಗೆ ಚುಚ್ಚಿದಾಗ ಅದರ ಶ್ವಾಸನಾಳಗಳು ಬಿಗಿದು, ಒಳಗೆ ಹೋದ ಗಾಳಿ ಹೊರಬರಲಾಗದೆ, ಪುಪ್ಪುಸಗಳು ಉಬ್ಬಿಕೊಂಡು ಪ್ರಾಣಿ ಉಸಿರುಗಟ್ಟಿ ಸತ್ತಿತು. ಬೆಕ್ಕು, ನಾಯಿಗಳಲ್ಲಿ ರಕ್ತದೊತ್ತಡ ದಿಢೀರನೆ ಕುಸಿಯಿತು.

ಈ ದೃಶ್ಯ ಅವರಿಗೆ ಎಲ್ಲೋ ಕಂಡಂತಿತ್ತು. ಫ್ರಾನ್ಸಿನ ಷಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ೧೯೦೨ರಲ್ಲಿ ಅನಾಫಿಲಾಕ್ಸಿಸ್ ಎಂಬ ವಿದ್ಯಮಾನವನ್ನು ವರ್ಣಿಸಿದ್ದರು. ಮೊದಲ ಸಲ ಏನೂ ಮಾಡದ ಅನ್ಯ ವಸ್ತುವೊಂದನ್ನು ಕೆಲವು ವಾರಗಳ ಬಳಿಕ ಮತ್ತೆ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೂ ಪ್ರಾಣಿ ನಿಮಿಷಗಳಲ್ಲಿ ಸಾಯುವುದೇ ಆ ವಿದ್ಯಮಾನ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ೧೯೦೬ರಲ್ಲಿ ಇಂಥ ಬದಲಾದ ಪ್ರತಿಕ್ರಿಯೆಗಳಿಗೆಲ್ಲ ಅಲರ್ಜಿ ಎಂಬ ಪದವನ್ನು ಟಂಕಿಸಿದ್ದರು. ಅನಾಫಿಲಾಕ್ಸಿಸ್‌ನಿಂದ ಸತ್ತ ಗಿನಿಪಿಗ್‌ನ ಪುಪ್ಪುಸವೂ ಹಿಸ್ಟಮೀನ್‌ನಿಂದ ಸತ್ತ ಗಿನಿಪಿಗ್‌ನ ಪುಪ್ಪುಸವೂ ನೋಡಲು ಒಂದೇ ರೀತಿ ಇದ್ದವು.

ಬೇರೆ ಯಾರಾದರೂ ಆಗಿದ್ದರೆ ಅಲರ್ಜಿಯ ಗುಟ್ಟು ಸಿಕ್ಕಿತೆಂದು ಅಂದೇ ಸಾರುತ್ತಿದ್ದರೇನೋ. ಡೇಲ್ ಹೋಲಿಕೆಯನ್ನು ದಾಖಲಿಸಿದರು, ಕಾರಣವೆಂದು ಹೇಳಲಿಲ್ಲ. ಹಿಸ್ಟಮೀನ್ ಆರೋಗ್ಯವಂತ ಪ್ರಾಣಿಯ ದೇಹದಲ್ಲಿ ಸಹಜವಾಗಿ ಇದೆಯೆಂದು ಸಾಬೀತಾಗದೆ ಅದರ ಮೇಲೆ ಹೊಣೆ ಹೊರಿಸುವುದು ನ್ಯಾಯವಲ್ಲವೆಂಬುದು ಅವರ ನಿಲುವು. ೧೯೧೧ರಲ್ಲಿ ಬಾರ್ಜರ್ ಮತ್ತು ಡೇಲ್ ಕರುಳಿನ ಒಳಪೊರೆಯಲ್ಲಿ ಹಿಸ್ಟಮೀನನ್ನು ಕಂಡರು. ಆದರೆ ಕರುಳಿನಲ್ಲಿ ಬ್ಯಾಕ್ಟೀರಿಯಾಗಳಿವೆ. ಅವು ಹಿಸ್ಟಿಡಿನ್‌ನಿಂದ ಹಿಸ್ಟಮೀನನ್ನು ಮಾಡಬಲ್ಲವು. ಅಂಗಾಂಶ ಕೊಳೆತಾಗಲೂ ಅದು ಹುಟ್ಟಬಹುದು. ಹೀಗಾಗಿ ಆ ಸಾಕ್ಷ್ಯವನ್ನು ಅವರು ಪೂರ್ಣವೆಂದು ಎಣಿಸಲಿಲ್ಲ. ಈ ಸಂಯಮ ಸರಿಯೋ ಅತಿಯೋ ಎಂಬುದರ ಬಗ್ಗೆ ಎರಡು ಅಭಿಪ್ರಾಯಗಳು ಸಾಧ್ಯ. ಪ್ರಶ್ನೆ ಇತ್ಯರ್ಥವಾಗಲು ಮತ್ತೆ ಹದಿನಾರು ವರ್ಷ ಹಿಡಿಯಿತೆಂಬುದಂತೂ ನಿಜ.

ಗಿನಿಪಿಗ್‌ಗಳ ಆಕಸ್ಮಿಕ

ನಡುವೆ ೧೯೧೩ರಲ್ಲಿ ನಡೆದ ಘಟನೆಯೊಂದು ಅಲರ್ಜಿಯ ಅಧ್ಯಯನಕ್ಕೆ ಹೊಸ ಸಾಧನವನ್ನೇ ಒದಗಿಸಿತು. ಔಷಧಗಳ ಶಕ್ತಿಯನ್ನು ಅಳೆಯಲು ಗಿನಿಪಿಗ್‌ನ ಗರ್ಭಕೋಶದ ತುಣುಕನ್ನು ಬೆಚ್ಚಗಿನ ಲವಣದ್ರಾವಣದಲ್ಲಿ ತೂಗುಬಿಟ್ಟು, ಅದು ಸಂಕುಚಿಸುವುದನ್ನು ಮಸಿ ಹಿಡಿಸಿದ ಕಾಗದದ ಮೇಲೆ ಗೀಚುವ ಸೂಜಿಯಿಂದ ದಾಖಲಿಸುವುದು ರೂಢಿ. ಒಂದು ದಿನ ಡೇಲ್ ಅಂಥ ತುಣುಕಿಗೆ ಕುದುರೆಯ ಸೀರಮ್ ಹಾಕಿದಾಗ ಅದು ನಿರೀಕ್ಷೆಗೆ ಮೀರಿ, ಸೆಟೆದು ನಿಲ್ಲುವಂತೆ ಸಂಕುಚಿಸಿತು. ಬೇರೆ ಪ್ರಾಣಿಗಳ ಸೀರಮ್‌ಗೆ ಈ ಪರಿಣಾಮವಿರಲಿಲ್ಲ.

ವಿಚಾರಿಸಿದಾಗ ಕಾರಣ ತಿಳಿಯಿತು. ಆ ಸಂಸ್ಥೆಯಲ್ಲಿ ಗಂಟಲಮಾರಿಯ ಪ್ರತಿವಿಷವನ್ನು ಕುದುರೆಗಳಿಂದ ತಯಾರಿಸಿ ಗಿನಿಪಿಗ್‌ಗಳ ಮೇಲೆ ಪರೀಕ್ಷಿಸುತ್ತಿದ್ದರು. ಪರೀಕ್ಷೆಯಲ್ಲಿ ಬದುಕುಳಿದ ಗಿನಿಪಿಗ್‌ಗಳನ್ನು ಖರ್ಚು ಉಳಿಸಲು ಬೇರೆ ಪ್ರಯೋಗಗಳಿಗೆ ಕೊಡಲಾಗುತ್ತಿತ್ತು. ಎಂದರೆ ಡೇಲ್ ಬಳಸಿದ ಪ್ರಾಣಿಗೆ ಕುದುರೆಯ ಪ್ರೋಟೀನ್ ಮೊದಲೇ ಸೋಂಕಿತ್ತು. ಅದರ ದೇಹ ಆ ಪ್ರೋಟೀನನ್ನು ನೆನಪಿಟ್ಟುಕೊಂಡಿತ್ತು.

ಇದರಿಂದ ತಿಳಿದದ್ದು ಸಣ್ಣ ಸಂಗತಿಯಲ್ಲ. ಆ ಸ್ನಾಯುವನ್ನು ತೊಳೆದು ರಕ್ತವನ್ನೆಲ್ಲ ತೆಗೆದಿದ್ದರೂ ಅದು ಪ್ರತಿಕ್ರಿಯಿಸಿತು. ಅಂದಮೇಲೆ ಅಲರ್ಜಿಯ ಪ್ರತಿಕಾಯವು ರಕ್ತದಲ್ಲಿ ತೇಲುತ್ತಿದ್ದರಷ್ಟೇ ಸಾಲದು, ಅದು ಜೀವಕೋಶಕ್ಕೇ ಅಂಟಿಕೊಂಡಿದೆ. ಅನ್ಯ ವಸ್ತು ಬಂದು ಅದಕ್ಕೆ ತಾಗಿದಾಗ ಕೋಶದಲ್ಲಿಯೇ ಕೋಲಾಹಲ ನಡೆಯುತ್ತದೆ ಎಂದಾಯಿತು. ಒಮ್ಮೆ ಪ್ರತಿಕ್ರಿಯಿಸಿದ ಸ್ನಾಯು ಅದೇ ಸೀರಮ್‌ಗೆ ಮತ್ತೆ ಮಣಿಯದೆ ಸುಮ್ಮನಾಗುವುದನ್ನೂ ಅವರು ಕಂಡರು. ಅಮೆರಿಕದ ಷುಲ್ಟ್ಸ್ ಕರುಳಿನ ಸ್ನಾಯುವಿನಲ್ಲಿ ಇಂಥದೇ ಪ್ರತಿಕ್ರಿಯೆಯನ್ನು ಮೊದಲೇ ಗಮನಿಸಿದ್ದರಿಂದ ಈ ಪರೀಕ್ಷೆಗೆ ಷುಲ್ಟ್ಸ್–ಡೇಲ್ ಪರೀಕ್ಷೆ ಎಂಬ ಹೆಸರು ನಿಂತಿತು. ೧೯೧೪ರಲ್ಲಿ ಡೇಲ್ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು.

ಯುದ್ಧ, ಆಘಾತ ಮತ್ತು ದೇಹದ ಅಂಕೆ

ಅದೇ ವರ್ಷ ವೆಲ್‌ಕಮ್ ಸಂಸ್ಥೆಯನ್ನು ಬಿಟ್ಟು ಸರ್ಕಾರದ ವೈದ್ಯಕೀಯ ಸಂಶೋಧನಾ ಸಮಿತಿಯನ್ನು ಸೇರಿದರು. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ನೆಲೆಗೊಂಡ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯೇ ಮುಂದೆ ಅವರ ಕರ್ಮಭೂಮಿಯಾಯಿತು. ೧೯೨೮ರಿಂದ ೧೯೪೨ರವರೆಗೆ ಅದರ ನಿರ್ದೇಶಕರಾಗಿದ್ದರು.

ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳು ಸೈನಿಕರು ಹೆಚ್ಚು ರಕ್ತ ಸೋರದಿದ್ದರೂ ನಾಡಿ ಕುಸಿದು ಸಾಯುತ್ತಿದ್ದರು. ಇದಕ್ಕೆ ಆಘಾತಸ್ಥಿತಿ ಎಂದು ಹೆಸರು. ಡೇಲ್, ಲೇಡ್ಲಾ ಮತ್ತು ರಿಚರ್ಡ್ಸ್ ಅವರು ಹಿಸ್ಟಮೀನ್ ಕೊಟ್ಟ ಬೆಕ್ಕುಗಳಲ್ಲಿ ಇದೇ ಸ್ಥಿತಿಯನ್ನು ತಂದು ಪರೀಕ್ಷಿಸಿದರು. ಕೂದಲಿಗಿಂತ ತೆಳುವಾದ ಲೋಮನಾಳಗಳು ಹಿಗ್ಗಿ, ಅವುಗಳ ಗೋಡೆ ಸಡಿಲವಾಗಿ, ರಕ್ತದ ನೀರಿನಂಶ ಹೊರಗೆ ಸೋರಿಹೋಗುತ್ತದೆ; ರಕ್ತನಾಳಗಳೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ; ಹೃದಯಕ್ಕೆ ಮರಳುವ ರಕ್ತ ಸಾಲದೆ ಒತ್ತಡ ಬೀಳುತ್ತದೆ ಎಂದು ತೋರಿಸಿದರು. ಚೇಳು, ಕಣಜ ಕಡಿದಲ್ಲಿ ಚರ್ಮ ಕೆಂಪೇರಿ ಊದಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ನಾಳ ಹಿಗ್ಗಿ ನೀರು ಸೋರುವ ಅದೇ ಕ್ರಿಯೆ ದೇಹದಾದ್ಯಂತ ಒಟ್ಟಿಗೆ ನಡೆದರೆ ಆಗುವುದೇ ಈ ಆಘಾತ.

ಇನ್ನು ಉಳಿದದ್ದು ಹಳೆಯ ಪ್ರಶ್ನೆ: ಹಿಸ್ಟಮೀನ್ ದೇಹದ ಸ್ವಂತ ವಸ್ತುವೇ? ಇದಕ್ಕೆ ಉತ್ತರ ೧೯೨೭ರಲ್ಲಿ ಬಂತು. ಇನ್ಸುಲಿನ್ ಶೋಧದಲ್ಲಿ ಪಾಲುಗಾರರಾಗಿದ್ದ ಕೆನಡಾದ ಚಾರ್ಲ್ಸ್ ಬೆಸ್ಟ್ ಆಗ ಡೇಲ್ ಅವರ ಬಳಿ ಸಂಶೋಧನೆಗೆ ಬಂದಿದ್ದರು. ಬೆಸ್ಟ್, ಡೇಲ್, ಡಡ್ಲಿ ಮತ್ತು ಥಾರ್ಪ್ ಅವರು ತಾಜಾ ಯಕೃತ್ತು ಮತ್ತು ಪುಪ್ಪುಸಗಳಿಂದ, ಕೊಳೆಯಲು ಅವಕಾಶವಿಲ್ಲದಂತೆ, ಶುದ್ಧ ಹಿಸ್ಟಮೀನನ್ನು ಬೇರ್ಪಡಿಸಿದರು. ಪುಪ್ಪುಸದಲ್ಲಿ ಅದು ಹೇರಳವಾಗಿತ್ತು. ಅಂಗಾಂಶಕ್ಕೆ ಗ್ರೀಕಿನಲ್ಲಿರುವ ಹೆಸರಿನಿಂದ ಬಂದ ಹಿಸ್ಟಮೀನ್ ಎಂಬ ಪದ ಈಗ ನಿಜವಾಗಿ ಅನ್ವರ್ಥವಾಯಿತು. ಲಂಡನ್ನಿನ ಥಾಮಸ್ ಲೂಯಿಸ್ ಚರ್ಮವನ್ನು ಗೀರಿದಾಗ ಕಾಣುವ ಕೆಂಪು ಮತ್ತು ದದ್ದಿಗೆ ಹಿಸ್ಟಮೀನ್‌ನಂಥ ವಸ್ತುವೇ ಕಾರಣವೆಂದು ಅದೇ ಕಾಲದಲ್ಲಿ ವಾದಿಸುತ್ತಿದ್ದರು. ೧೯೩೨ರಲ್ಲಿ ಬರ್ಲಿನ್ನಿನ ಫೆಲ್ಡ್‌ಬರ್ಗ್ ಮತ್ತು ಸಂಗಡಿಗರು ಅಲರ್ಜಿಗೊಂಡ ಗಿನಿಪಿಗ್‌ನ ಪುಪ್ಪುಸದಿಂದ ಹಿಸ್ಟಮೀನ್ ಹೊರಬರುವುದನ್ನು ನೇರವಾಗಿ ತೋರಿಸಿದರು.

ಇಷ್ಟು ಪ್ರಬಲವಾದ ವಸ್ತುವನ್ನು ದೇಹ ತನ್ನೊಳಗೇ ಇಟ್ಟುಕೊಂಡು ಬದುಕುವುದು ಹೇಗೆ ಎಂಬುದು ಸಹಜವಾದ ಮುಂದಿನ ಪ್ರಶ್ನೆ. ವಿದ್ಯಾರ್ಥಿಗಳು ಗಮನಿಸಬೇಕಾದ ಭಾಗವಿದು. ಬೆಸ್ಟ್ ಅವರು ಪುಪ್ಪುಸದ ಅರೆಪನ್ನು ಹಾಗೇ ಇಟ್ಟರೆ ಅದರಲ್ಲಿನ ಹಿಸ್ಟಮೀನ್ ಕ್ರಮೇಣ ಮಾಯವಾಗುವುದನ್ನು ಕಂಡರು. ೧೯೩೦ರಲ್ಲಿ ಬೆಸ್ಟ್ ಮತ್ತು ಮೆಕ್‌ಹೆನ್ರಿ ಅದನ್ನು ಒಡೆಯುವ ಕಿಣ್ವಕ್ಕೆ ಹಿಸ್ಟಮಿನೇಸ್ ಎಂದು ಹೆಸರಿಟ್ಟರು. ಇಂದು ಅದನ್ನು ಡೈಅಮೀನ್ ಆಕ್ಸಿಡೇಸ್ ಎನ್ನುತ್ತಾರೆ. ಕರುಳಿನ ಒಳಪೊರೆಯಲ್ಲಿ ಇದು ಕಾವಲುಗಾರನಂತೆ ನಿಂತು ಆಹಾರದಿಂದ ಬರುವ ಹಿಸ್ಟಮೀನ್ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಸರಿಯಾಗಿ ಶೈತ್ಯದಲ್ಲಿಡದ ಕೆಲವು ಜಾತಿಯ ಸಮುದ್ರಮೀನುಗಳಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮೀನನ್ನು ಮಿತಿಮೀರಿ ಹುಟ್ಟಿಸಿದಾಗ ಈ ಕಾವಲು ಸೋಲುತ್ತದೆ. ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ಅಲರ್ಜಿಯಾದಂತೆಯೇ ಕಾಣುತ್ತದೆ. ಉಳಿದ ಅಂಗಾಂಶಗಳಲ್ಲಿ ಇನ್ನೊಂದು ಕಿಣ್ವವು ಹಿಸ್ಟಮೀನ್‌ಗೆ ಮೀಥೈಲ್ ಗುಂಪನ್ನು ಜೋಡಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಹೀಗೆ ಒಂದು ಕಿಣ್ವ ಹುಟ್ಟಿಸುವುದು, ಎರಡು ಕಿಣ್ವಗಳು ಅಳಿಸುವುದು, ನಡುವೆ ಮಾಸ್ಟ್ ಕೋಶವು ಕಣಗಳಲ್ಲಿ ಬಚ್ಚಿಡುವುದು: ಇವುಗಳ ಸಮತೋಲದ ಮೇಲೆ ನಮ್ಮ ನೆಮ್ಮದಿ ನಿಂತಿದೆ.

ಅಂಕೆ ಇಷ್ಟಕ್ಕೇ ಮುಗಿಯುವುದಿಲ್ಲ. ಅಡ್ರಿನಲಿನ್ ಹಿಸ್ಟಮೀನ್‌ಗೆ ಸರಿಯೆದುರು ಕೆಲಸ ಮಾಡಿ ಶ್ವಾಸನಾಳವನ್ನು ಸಡಿಲಿಸುತ್ತದೆ, ಹಿಗ್ಗಿದ ರಕ್ತನಾಳವನ್ನು ಬಿಗಿಯುತ್ತದೆ. ತೀವ್ರ ಅಲರ್ಜಿಯಲ್ಲಿ ವೈದ್ಯರು ಮೊದಲು ಚುಚ್ಚುವುದು ಅದನ್ನೇ. ಅಡ್ರಿನಲ್ ಗ್ರಂಥಿಯ ಹೊರಪದರವು ಕೊಲೆಸ್ಟ್ರಾಲಿನಿಂದ ತಯಾರಿಸುವ ಕಾರ್ಟಿಸಾಲ್ ಉರಿಯೂತವನ್ನು ನಿಧಾನವಾಗಿ, ಆದರೆ ದೀರ್ಘಕಾಲ ಹಿಡಿದಿಡುತ್ತದೆ. ರಕ್ತದ ಬೇಸೋಫಿಲ್ ಕೋಶಗಳ ಮೇಲೆ ಹಿಸ್ಟಮೀನ್ ತಾನೇ ಹೋಗಿ ತಟ್ಟಿ, ತನ್ನ ಮುಂದಿನ ಬಿಡುಗಡೆಯನ್ನು ತಗ್ಗಿಸುತ್ತದೆ ಎಂಬುದು ೧೯೭೦ರ ದಶಕದ ಆರಂಭದಲ್ಲಿ ತಿಳಿದುಬಂತು. ಬೆಂಕಿ ಹಚ್ಚಿದವನೇ ನೀರು ಹಾಕಲೂ ಓಡಿಬಂದಂತೆ! ದೇಹ ತನಗೆ ಬೇಕಾದ ಮದ್ದನ್ನು ತಾನೇ ತಯಾರಿಸಿ ಬಳಸುವ ಇಂಥ ವ್ಯವಸ್ಥೆಗೆ ಡೇಲ್ ೧೯೩೦ರ ದಶಕದಲ್ಲಿಯೇ ಒಂದು ಹೆಸರಿಟ್ಟಿದ್ದರು. ಕನ್ನಡದಲ್ಲಿ ಅದನ್ನು ಸ್ವ-ಔಷಧಶಾಸ್ತ್ರ ಎನ್ನಬಹುದು.

ಅಸಿಟೈಲ್‌ಕೋಲಿನ್ ಮತ್ತು ನೊಬೆಲ್ ಪ್ರಶಸ್ತಿ

ಅರ್ಗಟ್‌ನ ಮತ್ತೊಂದು ಕೊಡುಗೆ ಅಸಿಟೈಲ್‌ಕೋಲಿನ್. ೧೯೧೪ರಲ್ಲಿ ಡೇಲ್ ಇದರ ಪರಿಣಾಮಗಳನ್ನು ವರ್ಣಿಸಿ, ಅದು ಕೆಲವು ನರಗಳ ಕೆಲಸವನ್ನು ಹೋಲುತ್ತದೆ, ಆದರೆ ಕ್ಷಣಮಾತ್ರದಲ್ಲಿ ನಾಶವಾಗುತ್ತದೆ ಎಂದು ಗಮನಿಸಿದರು. ಇಲ್ಲಿಯೂ ಅದೇ ತೊಡಕು: ಅದು ದೇಹದಲ್ಲಿ ಇದೆಯೆಂಬುದಕ್ಕೆ ಪುರಾವೆಯಿಲ್ಲ. ೧೯೨೧ರಲ್ಲಿ ಲೋವಿ ಕಪ್ಪೆಯ ಹೃದಯದ ಪ್ರಯೋಗದಿಂದ ನರ ರಾಸಾಯನಿಕ ವಸ್ತುವನ್ನು ಬಿಡುತ್ತದೆಂದು ತೋರಿಸಿದರು. ೧೯೨೯ರಲ್ಲಿ ಡೇಲ್ ಮತ್ತು ಡಡ್ಲಿ ಕುದುರೆ ಹಾಗೂ ಎತ್ತಿನ ಗುಲ್ಮದಿಂದ ಅಸಿಟೈಲ್‌ಕೋಲಿನನ್ನು ಬೇರ್ಪಡಿಸಿದರು. ಅವರು ಆಗ ಹುಡುಕುತ್ತಿದ್ದದ್ದು ಹಿಸ್ಟಮೀನನ್ನು ಎಂಬುದು ಸ್ವಾರಸ್ಯಕರ.

೧೯೩೩ರಲ್ಲಿ ಯಹೂದಿ ಎಂಬ ಕಾರಣಕ್ಕೆ ಬರ್ಲಿನ್ನಿನ ಹುದ್ದೆಯಿಂದ ವಜಾಗೊಂಡ ವಿಲ್‌ಹೆಲ್ಮ್ ಫೆಲ್ಡ್‌ಬರ್ಗ್ ಅವರಿಗೆ ಡೇಲ್ ತಮ್ಮ ಸಂಸ್ಥೆಯಲ್ಲಿ ಸ್ಥಳ ಕೊಟ್ಟರು. ಅಲ್ಪಾತಿ ಅಲ್ಪ ಅಸಿಟೈಲ್‌ಕೋಲಿನನ್ನೂ ಜಿಗಣೆಯ ಸ್ನಾಯುವಿನಿಂದ ಅಳೆಯುವ ವಿಧಾನವನ್ನು ಫೆಲ್ಡ್‌ಬರ್ಗ್ ತಮ್ಮೊಂದಿಗೆ ತಂದಿದ್ದರು. ಮುಂದಿನ ಮೂರು ವರ್ಷಗಳಲ್ಲಿ ಈ ತಂಡ ನರಗ್ರಂಥಿಗಳಲ್ಲಿಯೂ, ನಾವು ಇಚ್ಛೆಯಿಂದ ಚಲಿಸುವ ಸ್ನಾಯುಗಳ ನರತುದಿಯಲ್ಲಿಯೂ ಇದೇ ವಸ್ತು ಸಂದೇಶವಾಹಕವೆಂದು ತೋರಿಸಿತು. ಮಾರ್ಥೆ ಫೋಗ್ಟ್ ಕೂಡ ಈ ಕೆಲಸದಲ್ಲಿದ್ದರು. ಅವರೂ ಹಿಟ್ಲರನ ಜರ್ಮನಿಯನ್ನು ತೊರೆದು ಬಂದವರು. ಸಂದೇಶ ವಿದ್ಯುತ್ತಿನಿಂದಲೇ ದಾಟುತ್ತದೆಂದು ಜಾನ್ ಎಕಲ್ಸ್ ಬಹುಕಾಲ ವಾದಿಸಿದರು. ೧೯೫೦ರ ದಶಕದ ಆರಂಭದಲ್ಲಿ ಸ್ವಂತ ಪ್ರಯೋಗಗಳಿಂದಲೇ ಮನಗಂಡು ನಿಲುವನ್ನು ಬದಲಿಸಿದರು.

೧೯೩೬ರ ನೊಬೆಲ್ ಪ್ರಶಸ್ತಿಯನ್ನು ಡೇಲ್ ಮತ್ತು ಲೋವಿ ಹಂಚಿಕೊಂಡರು. ಎರಡೇ ವರ್ಷಗಳಲ್ಲಿ ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡಾಗ ಲೋವಿ ಸೆರೆಮನೆ ಸೇರಿದರು. ಬಹುಮಾನದ ಹಣವನ್ನು ಒಪ್ಪಿಸಿಯೇ ದೇಶ ಬಿಡಬೇಕಾಯಿತು.

ಡೇಲ್ ಅವರ ಕೈತಪ್ಪಿದ್ದೂ ಉಂಟು. ಅಡ್ರಿನಲಿನನ್ನು ಹೋಲುವ ಹಲವು ವಸ್ತುಗಳನ್ನು ಅವರು ಬಾರ್ಜರ್ ಜೊತೆಗೂಡಿ ೧೯೧೦ರಲ್ಲಿ ಪರೀಕ್ಷಿಸಿದ್ದರು. ಅವುಗಳಲ್ಲಿ ನಾರ್‌ಅಡ್ರಿನಲಿನ್ ನರದ ಪರಿಣಾಮಕ್ಕೆ ಅತಿ ಹತ್ತಿರವಿದ್ದರೂ, ಅದು ಪ್ರಯೋಗಾಲಯದ ವಸ್ತುವೆಂದು ಪಕ್ಕಕ್ಕಿಟ್ಟರು. ಅದೇ ನಿಜವಾದ ನರವಾಹಕವೆಂದು ಸ್ವೀಡನ್ನಿನ ಫಾನ್ ಆಯ್ಲರ್ ೧೯೪೬ರಲ್ಲಿ ತೋರಿಸಿದರು. ಹಿಸ್ಟಮೀನ್ ವಿಷಯದಲ್ಲಿ ಅವರನ್ನು ಕಾಪಾಡಿದ ಎಚ್ಚರಿಕೆಯೇ ಇಲ್ಲಿ ಅವರ ದಾರಿಗೆ ಅಡ್ಡವಾಯಿತು.

ಸಾರ್ವಜನಿಕ ಜೀವನ

ಔಷಧಗಳ ಶಕ್ತಿಯನ್ನು ಎಲ್ಲ ದೇಶಗಳಲ್ಲಿಯೂ ಒಂದೇ ಅಳತೆಯಲ್ಲಿ ಹೇಳುವಂತಾಗಲು ಡೇಲ್ ದುಡಿದರು. ೧೯೨೨ರಲ್ಲಿ ಡಡ್ಲಿಯವರೊಂದಿಗೆ ಟೊರಾಂಟೋಗೆ ಹೋಗಿ ಇನ್ಸುಲಿನ್ ತಯಾರಿಕೆಯನ್ನು ನೋಡಿಬಂದ ಅವರು, ಅದರ ಅಂತರರಾಷ್ಟ್ರೀಯ ಮಾನಕವನ್ನು ನಿಗದಿಪಡಿಸುವಲ್ಲಿ ಮುಂದಾಳಾಗಿದ್ದರು. ಮಧುಮೇಹಿಗಳು ಇಂದು ಲೆಕ್ಕ ಹಾಕುವ ಯೂನಿಟ್ಟುಗಳ ಹಿಂದೆ ಈ ಶ್ರಮವಿದೆ.

೧೯೩೨ರಲ್ಲಿ ನೈಟ್ ಪದವಿಯೂ ೧೯೪೪ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವವೂ ಸಂದವು. ೧೯೪೦ರಿಂದ ೧೯೪೫ರವರೆಗೆ, ಯುದ್ಧದ ಕಷ್ಟಕಾಲದಲ್ಲಿ, ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಅವರ ಅವಧಿಯ ಕೊನೆಯಲ್ಲಿ, ೧೯೪೫ರಲ್ಲಿ, ಆ ಸಂಸ್ಥೆ ಮೊದಲ ಬಾರಿಗೆ ಇಬ್ಬರು ಮಹಿಳೆಯರನ್ನು ಫೆಲೋಗಳಾಗಿ ಆರಿಸಿಕೊಂಡಿತು: ಕ್ಯಾಥ್ಲೀನ್ ಲಾನ್ಸ್‌ಡೇಲ್ ಮತ್ತು ಮಾರ್ಜರಿ ಸ್ಟೀಫನ್‌ಸನ್. ಸೋವಿಯತ್ ಒಕ್ಕೂಟದಲ್ಲಿ ಲೈಸೆಂಕೊನ ಪ್ರಭಾವದಿಂದ ತಳಿವಿಜ್ಞಾನವನ್ನೇ ಹತ್ತಿಕ್ಕಿದಾಗ, ೧೯೪೮ರಲ್ಲಿ, ಅಲ್ಲಿನ ವಿಜ್ಞಾನ ಅಕಾಡೆಮಿಯ ಗೌರವ ಸದಸ್ಯತ್ವಕ್ಕೆ ಪ್ರತಿಭಟನೆಯಾಗಿ ರಾಜೀನಾಮೆ ಕೊಟ್ಟರು. ಹೆನ್ರಿ ವೆಲ್‌ಕಮ್ ಮರಣಾನಂತರ ಅವರ ಆಸ್ತಿಯಿಂದ ರೂಪುಗೊಂಡ ವೆಲ್‌ಕಮ್ ಟ್ರಸ್ಟ್‌ಗೆ ೧೯೩೮ರಿಂದ ೧೯೬೦ರವರೆಗೆ ಅಧ್ಯಕ್ಷರಾಗಿದ್ದರು.

ಕೊನೆಯ ವರ್ಷಗಳು

ದೀರ್ಘಾಯುಷಿಯಾದ ಡೇಲ್ ತಮ್ಮ ಶೋಧದ ಫಲಗಳನ್ನು ಕಣ್ಣಾರೆ ಕಂಡರು. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್–ಮಾರಿ ಸ್ಟಾಬ್ ೧೯೩೭ರಲ್ಲಿ ಹಿಸ್ಟಮೀನ್‌ಗೆ ತಡೆಯೊಡ್ಡುವ ಮೊದಲ ವಸ್ತುವನ್ನು ಪ್ರಕಟಿಸಿದರು. ಅದು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿ. ಆದರೆ ೧೯೪೦ರ ದಶಕದಲ್ಲಿ ಬಳಸಲು ಯೋಗ್ಯವಾದವು ಬಂದವು. ೧೯೫೭ರಲ್ಲಿ ಬೋವೆಗೆ ವೈದ್ಯಕೀಯ ನೊಬೆಲ್ ಸಿಕ್ಕಿತು. ಅದೇ ವರ್ಷದ ರಸಾಯನಶಾಸ್ತ್ರ ನೊಬೆಲ್ ಪಡೆದ ಅಲೆಕ್ಸಾಂಡರ್ ಟಾಡ್ ಡೇಲ್ ಅವರ ಮಗಳು ಆಲಿಸನ್ ಅವರ ಪತಿ. ೧೯೫೩ರಲ್ಲಿ ರೈಲಿ ಮತ್ತು ವೆಸ್ಟ್ ಎಂಬವರು ಅಂಗಾಂಶದ ಹಿಸ್ಟಮೀನ್ ಇರುವುದು ಎರ್ಲಿಕ್ ಹೆಸರಿಸಿದ್ದ ಮಾಸ್ಟ್ ಕೋಶಗಳಲ್ಲೆಂದು ತೋರಿಸಿದರು. ಆ ಕೋಶಗಳಿಗೆ ಅಂಟಿಕೊಳ್ಳುವ ಅಲರ್ಜಿಯ ಪ್ರತಿಕಾಯ ಐಜಿಇ ೧೯೬೬–೬೭ರಲ್ಲಿ ಪತ್ತೆಯಾದಾಗ ಡೇಲ್ ತೊಂಬತ್ತು ದಾಟಿದ್ದರು. ಪ್ರತಿಕಾಯ ಕೋಶಕ್ಕೆ ಅಂಟಿರಬೇಕೆಂದು ಅವರು ತೋರಿಸಿ ಆಗ ಅರ್ಧ ಶತಮಾನವೇ ಕಳೆದಿತ್ತು.

ಹಿಸ್ಟಮೀನ್ ಒಂದೇ ಅಲರ್ಜಿಗೆ ಕಾರಣವಲ್ಲ ಎಂಬುದೂ ಅವರ ಶಿಷ್ಯರಿಂದಲೇ ಹೊರಬಂತು. ಅವರ ಸಹೋದ್ಯೋಗಿಯಾಗಿದ್ದ ಚಾರ್ಲ್ಸ್ ಕೆಲ್ಲವೇ ಮತ್ತು ಫೆಲ್ಡ್‌ಬರ್ಗ್ ಆಸ್ಟ್ರೇಲಿಯದಲ್ಲಿ ೧೯೩೮ರಲ್ಲಿ, ಸ್ನಾಯುವನ್ನು ನಿಧಾನವಾಗಿ ಬಿಗ್ಗಿಸಿ ಬಹುಹೊತ್ತು ಹಾಗೇ ಇರಿಸುವ ಮತ್ತೊಂದು ವಸ್ತುವನ್ನು ಕಂಡರು. ಉಬ್ಬಸಕ್ಕೆ ಆಂಟಿಹಿಸ್ಟಮೀನ್ ಮಾತ್ರೆ ಸಾಲದಿರುವುದಕ್ಕೆ ಇದೊಂದು ಕಾರಣ. ಜೀವಕೋಶದ ಪೊರೆಯ ಕೊಬ್ಬಿನಾಮ್ಲದಿಂದ ಹುಟ್ಟುವ ಲ್ಯುಕೋಟ್ರಯೀನ್‌ಗಳೇ ಆ ವಸ್ತುವೆಂದು ಸ್ವೀಡನ್ನಿನ ಸ್ಯಾಮ್ಯುಎಲ್‌ಸನ್ ೧೯೭೯ರಲ್ಲಿ ತಿಳಿಸಿದಾಗ ಡೇಲ್ ಇರಲಿಲ್ಲ.

ಅವರು ಜುಲೈ ೨೩, ೧೯೬೮ರಂದು ಕೇಂಬ್ರಿಡ್ಜಿನಲ್ಲಿ ತೀರಿಕೊಂಡರು. ಯುವ ಸಂಶೋಧಕರಿಗೆ ವೆಲ್‌ಕಮ್ ಟ್ರಸ್ಟ್ ಮತ್ತು ರಾಯಲ್ ಸೊಸೈಟಿ ಸೇರಿ ನೀಡುತ್ತಿದ್ದ ಫೆಲೋಶಿಪ್ಪಿಗೂ, ಬ್ರಿಟನ್ನಿನ ಅಂತಃಸ್ರಾವಶಾಸ್ತ್ರ ಸಂಘದ ಪದಕಕ್ಕೂ ಅವರ ಹೆಸರನ್ನು ಇಡಲಾಗಿದೆ.